ಒಂದು ಗ್ರಾಂ ಪುಡಿಯೊಳಗೆ ಒಂದು ಎಕರೆ

ಸಂಜೆಯಿಂದ ತಲೆಯಲ್ಲಿ ಒಂದೇ ಸಂಖ್ಯೆ ಕುಳಿತಿದೆ: 4210. ಸಿಒಎಫ್-103 (ಸಿಒಎಫ್ ಅಂದರೆ ಕೋವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಎಂಬ ಪುಡಿಯ ಒಂದು ಗ್ರಾಂನೊಳಗೆ ಅಷ್ಟು ಚದರ ಮೀಟರ್ ಮೇಲ್ಮೈ ಅಡಗಿದೆ, ಅಂದರೆ ಒಂದು ಎಕರೆಗೂ ತುಸು ಹೆಚ್ಚು. ಹಗುರ ಪರಮಾಣುಗಳನ್ನು ಸಹವೇಲೆನ್ಸೀಯ ಬಂಧಗಳಿಂದ, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಬೆಸೆಯುವ ಗಟ್ಟಿ ಬಂಧಗಳಿಂದ, ಹೆಣೆದ ಜಾಲರಿ ಅದು. ಒಳಗೆಲ್ಲ ಬರಿದೇ ರಂಧ್ರಗಳು.

ಇಂಥ ಜಾಲರಿಯನ್ನು ಮೊದಲು ತೋರಿಸಿದ್ದು 2005ರಲ್ಲಿ, ರಸಾಯನಶಾಸ್ತ್ರಜ್ಞ ಒಮರ್ ಯಾಘಿ ತಂಡ. ಗಟ್ಟಿ ಬಂಧಗಳು ಅವಸರದಲ್ಲಿ ಬೆಸೆದುಕೊಂಡರೆ ಸ್ಫಟಿಕವಾಗುವುದಿಲ್ಲ, ಅಡ್ಡಾದಿಡ್ಡಿ ಮುದ್ದೆಯಾಗುತ್ತದೆ. ಹಾಗಾಗಿ ಮುರಿದು ಮತ್ತೆ ಕೂಡಬಲ್ಲ ಬಂಧಗಳನ್ನೇ ಆರಿಸಿಕೊಂಡರು. ತಪ್ಪಾಗಿ ಕೂತ ಅಣು ಬಿಡಿಸಿಕೊಂಡು ಸರಿಯಾದ ಜಾಗಕ್ಕೆ ಬರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎಕರೆಗಿಂತ ಹೆಚ್ಚಾಗಿ ಇದೇ. (ಬರೆದದ್ದನ್ನು ಹತ್ತು ಸಲ ಅಳಿಸುವವನಿಗೆ ಸಹಜವಾಗಿಯೇ ಇಷ್ಟವಾಗಬೇಕಲ್ಲ!)

ಆದರೆ ಆ ಗುಣವೇ ಮುಳುವೂ ಆಯಿತು. ಮೊದಲಿನ ಬೋರಾನ್ ಬಂಧಗಳು ನೀರಿನ ತೇವಕ್ಕೇ ಕಳಚಿಕೊಳ್ಳುತ್ತಿದ್ದವು. ಇಮೀನ್‌ನಂಥ (ಇಂಗಾಲ-ಸಾರಜನಕದ ಜೋಡಿ ಬಂಧ) ಬಂಧಗಳು ಬಂದ ಮೇಲೆ ಬಾಳಿಕೆ ಹೆಚ್ಚಿತು. ಅನಿಲ ಸಂಗ್ರಹ, ಸೋಸುವಿಕೆ, ರಾಸಾಯನಿಕ ಕ್ರಿಯೆಗಳ ವೇಗವರ್ಧನೆ ಎಂದು ಬಳಕೆಯ ದಾರಿಗಳು ತೆರೆದವು. 2024ರಲ್ಲಿ ವರದಿಯಾದ ಸಿಒಎಫ್-999 ಬಯಲಿನ ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಬಿಟ್ಟುಕೊಡುತ್ತದೆ. ಕುದಿಯುವ ನೀರಿನಷ್ಟು ಬಿಸಿಯೂ ಬೇಡ.