ಹಿಂದಿನ ಬೆಂಚು ಇಲ್ಲದ ಕ್ಲಾಸು

ನಾನು ಆನರ್ಸ್‌ಗೆ (ಮಾಮೂಲಿ ಡಿಗ್ರಿಗಿಂತ ಜಾಸ್ತಿ ಓದು, ಕೊನೆಗೆ ಒಂದು ಪ್ರಬಂಧ ಇರೋ ಕೋರ್ಸು) ಸೇರಿದ್ದು ಓದಿನ ಮೇಲಿನ ಪ್ರೀತಿಯಿಂದ ಅಲ್ಲ, ಅಂಕಪಟ್ಟಿಯಲ್ಲಿ ಆ ಒಂದು ಪದ ಬರುತ್ತದಲ್ಲ, ಅದಕ್ಕೆ. ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಮೊದಲು ಇದನ್ನೇ ಹೇಳಿಬಿಡೋಣ ಅನ್ನಿಸಿತು.

ಅರ್ಜಿಯ ಜೊತೆ ಒಂದು ಪುಟ ಬರೆದುಕೊಡಬೇಕಿತ್ತು, ಈ ಕೋರ್ಸ್ ನಿಮಗೆ ಯಾಕೆ ಬೇಕು ಅಂತ. ನಾನು ‘ಜ್ಞಾನದ ಹಸಿವು’ ಅಂತೆಲ್ಲ ಬರೆದಿದ್ದೆ. ಸಂದರ್ಶನದಲ್ಲಿ ಇತಿಹಾಸದ ಮೇಡಂ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, “ಹಸಿವು ಸರಿ, ಈ ತಿಂಗಳು ಏನು ಓದಿದೆ?” ಅಂದರು. ನಾನು ಪಠ್ಯಪುಸ್ತಕದ ಹೆಸರು ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡು ಹೊರಗೆ ಬಂದರೆ ಮರುವಾರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಕಾರಣ ಆಮೇಲೆ ಗೊತ್ತಾಯಿತು: ಸೀಟು ಎಂಟು, ಅರ್ಜಿ ಹಾಕಿದವರು ಒಂಬತ್ತು ಜನ. ಚಿಕ್ಕ ಕಾಲೇಜಿನಲ್ಲಿ ಆಯ್ಕೆ ಅಂದರೆ ಇಷ್ಟೇ.

ನಮ್ಮ ಕ್ಲಾಸು ನಡೆಯುತ್ತಿದ್ದದ್ದು ಲೈಬ್ರರಿಯ ಪಕ್ಕದ ಕೋಣೆಯಲ್ಲಿ. ಅಲ್ಲಿ ಬೆಂಚುಗಳೇ ಇರಲಿಲ್ಲ. ಒಂದು ಉದ್ದನೆಯ ಮೇಜು, ಸುತ್ತ ಒಂಬತ್ತು ಕುರ್ಚಿ, ಅಷ್ಟೇ. ಯಾವಾಗಲೂ ಹಿಂದೆ ಕೂತು ಅಭ್ಯಾಸ ಇದ್ದ ನನಗೆ ಎಲ್ಲಿ ಕೂತರೂ ಮೊದಲ ಸಾಲಿನಲ್ಲೇ ಕೂತ ಹಾಗೆ. ಮೊದಲ ದಿನ ಮೇಡಂ ಈ ಪದ್ಧತಿ ಎಲ್ಲಿಂದ ಬಂತು ಅಂತ ಹೇಳಿದರು. ಅಮೆರಿಕದ ಸ್ವಾರ್ತ್‌ಮೋರ್ ಅನ್ನೋ ಚಿಕ್ಕ ಕಾಲೇಜಿನಲ್ಲಿ 1922ರಲ್ಲಿ ಫ್ರಾಂಕ್ ಆಯ್ಡಲಾಟ್ ಎಂಬ ಅಧ್ಯಕ್ಷರು ಇದನ್ನು ಶುರುಮಾಡಿದರಂತೆ. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು, ಅಲ್ಲಿನ ಹಾಗೆ ಕಡಿಮೆ ಜನ, ಜಾಸ್ತಿ ಓದು, ಜಾಸ್ತಿ ಮಾತು ಇರಲಿ ಅಂತ ಅವರ ಯೋಚನೆ. ಕೊನೆಯಲ್ಲಿ ಪರೀಕ್ಷೆ ಮಾಡೋರು ಮಾತ್ರ ಹೊರಗಿನವರು. “ಅಂದರೆ ನಾನು ನಿಮ್ಮ ಕಡೆಯವಳು, ಎದುರುಗಡೆ ಕೂರೋರು ಬೇರೆ” ಅಂದರು ಮೇಡಂ. ಆಗ ಅದು ಸಮಾಧಾನದ ಮಾತು ಅಂದುಕೊಂಡಿದ್ದೆ.

ಎರಡನೇ ವಾರವೇ ಸಿಕ್ಕಿಬಿದ್ದೆ. ಓದಿಕೊಂಡು ಬರಲು ನಲವತ್ತು ಪುಟ ಕೊಟ್ಟಿದ್ದರು, ನಾನು ಮೊದಲ ಆರು, ಕೊನೆಯ ಎರಡು ಓದಿ ಬಂದಿದ್ದೆ. ಮಾಮೂಲಿ ಕ್ಲಾಸಿನಲ್ಲಿ ಇದು ನಡೆಯುತ್ತದೆ, ನಾನೇ ನಡೆಸಿದ್ದೇನೆ. ಇಲ್ಲಿ ಮೇಡಂ ಒಂದು ಪ್ರಶ್ನೆ ಹಾಕಿ ಸುಮ್ಮನಾದರು. ಯಾರೂ ಮಾತಾಡಲಿಲ್ಲ. ಅವರೂ ಮಾತಾಡಲಿಲ್ಲ. ಮೇಷ್ಟ್ರುಗಳು ಸಾಮಾನ್ಯವಾಗಿ ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುತ್ತಾರೆ ಅಲ್ವಾ? ಇವರು ಹೇಳಲಿಲ್ಲ. ಕೊನೆಗೆ ನಾನೇ ಏನೋ ಒಂದು ಅಂದೆ. “ಅದು ಯಾವ ಪುಟದಲ್ಲಿದೆ?” ಅಂದರು. ಅಷ್ಟೇ. ಬಯ್ಗುಳ ಅಲ್ಲ, ನಿಜವಾಗಲೂ ಪುಟ ಕೇಳಿದ್ದು. ನಾನು ಪುಟ ತಿರುವುತ್ತಾ ಹೋದೆ, ಏಳು ಜನ ನನ್ನ ಬೆರಳನ್ನೇ ನೋಡುತ್ತಿದ್ದರು.

ಚಿಕ್ಕ ಕಾಲೇಜಿನ ಆನರ್ಸ್‌ನಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಸೆಮಿನಾರ್ ಆರಿಸಿಕೊಳ್ಳಿ ಅನ್ನುತ್ತಿದ್ದರು, ಆರಿಸಲು ಇದ್ದದ್ದು ಎರಡೇ. ಒಬ್ಬ ಮೇಷ್ಟ್ರಿಗೆ ನಾಲ್ಕು ಪ್ರಬಂಧ ಗೈಡ್ ಮಾಡುವ ಕೆಲಸ. ಬೇಕಾದ ಪುಸ್ತಕ ಲೈಬ್ರರಿಯಲ್ಲಿ ಇರುತ್ತಿರಲಿಲ್ಲ, ಬೇರೆ ಕಾಲೇಜಿನಿಂದ ತರಿಸಿಕೊಡುತ್ತಿದ್ದರು, ಅದು ಬರುವ ಹೊತ್ತಿಗೆ ಪ್ರಬಂಧದ ಆ ಅಧ್ಯಾಯವೇ ಮುಗಿದಿರುತ್ತಿತ್ತು. ಅಂಕ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಹೊರಗೆ. ಹಾಗಾಗಿ ಕೆಲವರು ಕಷ್ಟದ ಪೇಪರ್ ತಗೊಳ್ಳೋದನ್ನೇ ಬಿಟ್ಟಿದ್ದರು. ಜಾಸ್ತಿ ಕಲಿಯಲಿ ಅಂತ ಮಾಡಿದ ಕೋರ್ಸಿನಲ್ಲಿ ಇಂಥ ನಿಯಮ ಯಾಕೆ ಇಟ್ಟರೋ, ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಎರಡನೇ ವರ್ಷದ ಮಧ್ಯೆ ಬಿಟ್ಟುಹೋದಳು. ಎಲ್ಲರೂ ಅಯ್ಯೋ ಪಾಪ ಅಂದರು. ಅವಳಿಗೆ ಏನೂ ಆಗಲಿಲ್ಲ, ಸಂಜೆ ಹೊತ್ತು ನಾಟಕ ಮಾಡಿಕೊಂಡು ನಮಗಿಂತ ಖುಷಿಯಾಗಿದ್ದಳು.

ಕೊನೆಯ ವರ್ಷ ಪ್ರಬಂಧ. ನಾನು ಆರಿಸಿಕೊಂಡಿದ್ದು 1854ರ ಲಂಡನ್ನಿನ ಕಾಲರಾ. ಕಥೆ ಎಲ್ಲರಿಗೂ ಗೊತ್ತಿರೋದೇ: ಬ್ರಾಡ್ ಸ್ಟ್ರೀಟ್‌ನ ಸುತ್ತ ಜನ ಸಾಯುತ್ತಿದ್ದರು, ಜಾನ್ ಸ್ನೋ ಎಂಬ ಡಾಕ್ಟರು ಸತ್ತವರ ಮನೆಗಳನ್ನೆಲ್ಲ ಲೆಕ್ಕ ಹಾಕಿ, ರೋಗ ಗಾಳಿಯಿಂದಲ್ಲ, ಆ ಬೀದಿಯ ಪಂಪಿನ ನೀರಿನಿಂದ ಅಂದರು, ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿ ಬಿಚ್ಚಿಸಿದರು, ಕಾಲರಾ ನಿಂತಿತು. ಸುಲಭ ಅಂತಲೇ ಆರಿಸಿದ್ದೆ. ಮೊದಲ ಕರಡಿನಲ್ಲಿ ಹಿಡಿ ಬಿಚ್ಚಿದ ದಿನದ ಬಗ್ಗೆ ಒಂದು ಪುಟ ಭಾರೀ ಜೋರಾಗಿ ಬರೆದೆ.

ಮೇಡಂ ಅದೇ ಪೆನ್ಸಿಲ್ ತಗೊಂಡು ಕೇಳಿದರು: “ಹಿಡಿ ತೆಗೆಯೋ ಹೊತ್ತಿಗೆ ದಿನಕ್ಕೆ ಎಷ್ಟು ಜನ ಕಾಯಿಲೆ ಬೀಳುತ್ತಿದ್ದರು?”

ನೋಡಿರಲಿಲ್ಲ. ಸ್ನೋ ಕೊಟ್ಟ ಪಟ್ಟಿಯಲ್ಲೇ ಇತ್ತು, ನಾನು ದಾಟಿಕೊಂಡು ಹೋಗಿದ್ದೆ. ಆಮೇಲೆ ಪ್ರಾಣ ಬಿಟ್ಟವರಲ್ಲಿ ಸೆಪ್ಟೆಂಬರ್ 1ರಂದು ಕಾಯಿಲೆ ಬಿದ್ದವರು 143, ಸೆಪ್ಟೆಂಬರ್ 8ರಂದು 12. ಅಂದರೆ ಹಿಡಿ ಬಿಚ್ಚುವ ಮೊದಲೇ ಕಾಲರಾ ಇಳಿದಿತ್ತು, ಜನ ಹೆದರಿ ಬೀದಿ ಬಿಟ್ಟು ಓಡಿಹೋಗಿದ್ದರು. ಇದನ್ನು ಸ್ನೋ ತಾವೇ ಒಪ್ಪಿಕೊಂಡಿದ್ದಾರೆ. ಅವರಿಗಿದ್ದ ಎಚ್ಚರ ಅವರ ಕಥೆ ಹೇಳೋರಿಗೆ ಇರಲಿಲ್ಲ, ನಾನೂ ಅವರಲ್ಲಿ ಒಬ್ಬ. ಆ ಪುಟ ಹರಿದುಹಾಕಿದೆ, ಅದರ ಜೊತೆ ಇನ್ನೂ ಹದಿನಾಲ್ಕು ಪುಟ ಹೋಯಿತು. ಎರಡು ದಿನ ಮೇಡಂ ಮೇಲೆ ಸಿಟ್ಟಿತ್ತು. ಮೂರನೇ ದಿನ ಪಟ್ಟಿಗಳನ್ನು ಹರಡಿಕೊಂಡು ಕೂತವನು ಲೈಬ್ರರಿ ದೀಪ ಆರಿಸುವವರೆಗೂ ಏಳಲಿಲ್ಲ, ಅಂಕಪಟ್ಟಿಯ ನೆನಪೇ ಬರಲಿಲ್ಲ. ಯಾರಾದರೂ ಆಗ ಬಂದು ‘ಜ್ಞಾನದ ಹಸಿವು’ ಅಂದಿದ್ದರೆ ಬೇಜಾರಾಗುತ್ತಿತ್ತು. ಅದು ಹಸಿವಲ್ಲ, ಒಂಥರಾ ತುರಿಕೆ.

ವೈವಾಗೆ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಗೆ, ಬೇರೆ ಕಾಲೇಜಿನ ವಯಸ್ಸಾದ ಮೇಷ್ಟ್ರು ಬಂದಿದ್ದರು. ಅದೇ ಮೇಜು, ಅದೇ ಕೋಣೆ. ಮೇಡಂ ಮೂಲೆಯ ಕುರ್ಚಿಯಲ್ಲಿ, ಮಾತಾಡುವ ಹಾಗಿಲ್ಲ. ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು, ಹಿಡಿಯ ವಿಷಯಕ್ಕೆ ಅವರು ಬರುತ್ತಾರೆ ಅಂತ ಕಾಯುತ್ತಿದ್ದೆ, ಬಂದರು, ಹೇಳಿದೆ, ತಲೆ ಆಡಿಸಿದರು. ಆಮೇಲೆ ಕನ್ನಡಕ ತೆಗೆದು, “ನೀವು ಎಲ್ಲ ಕಡೆ ಸತ್ತವರನ್ನೇ ಎಣಿಸಿದ್ದೀರಿ. ಆ ನೀರು ಕುಡಿದೂ ಬದುಕಿದವರನ್ನು ಯಾರಾದರೂ ಎಣಿಸಿದ್ದಾರಾ?” ಅಂದರು.

ಏನೋ ಒಂದು ಹೇಳಿ ತಪ್ಪಿಸಿಕೊಳ್ಳೋಣ ಅಂತ ಬಾಯಿ ತೆರೆದೆ. ಯಾವ ಪುಟ ಅಂತ ಕೇಳಿದರೆ? ಬಾಯಿ ಮುಚ್ಚಿದೆ. “ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ” ಅಂದೆ. ಅವರು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಪಾಸಾದೆ, ಅಂಕಪಟ್ಟಿ ಬಂತು, ಆ ಪದವೂ ಇತ್ತು, ಹುಡುಕಿ ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಕೆಲಸದ ಸಂದರ್ಶನಗಳಲ್ಲಿ ಅದರ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಮೂರು ವಾರ ಆದಮೇಲೆ. ಬದುಕಿದವರನ್ನೂ ಎಣಿಸಿದವರು ಒಬ್ಬರಿದ್ದರು, ಆ ಬಡಾವಣೆಯ ಚರ್ಚಿನ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್. ನನ್ನ ಪ್ರಬಂಧದಲ್ಲಿ ಅವರಿಗೆ ಒಂದು ಅಡಿಟಿಪ್ಪಣಿ ಕೊಟ್ಟು ಮುಗಿಸಿದ್ದೆ! ಅವರು ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲು ಹೊರಟವರು. ಬೀದಿಯ ಜನರೆಲ್ಲ ಪರಿಚಯ, ಒಂದೇ ಮನೆಗೆ ನಾಲ್ಕೈದು ಸಲ ಹೋಗಿ ಕೇಳುತ್ತಿದ್ದರು. ಬ್ರಾಡ್ ಸ್ಟ್ರೀಟ್‌ನಲ್ಲಿ ಪಂಪಿನ ನೀರು ಕುಡಿದ 137 ಜನರಲ್ಲಿ 80 ಜನಕ್ಕೆ ಕಾಲರಾ ಬಂದಿತ್ತು, ಕುಡಿಯದ 297 ಜನರಲ್ಲಿ ಬರೀ 20 ಜನಕ್ಕೆ. ಲೆಕ್ಕ ಮುಗಿಯುವ ಹೊತ್ತಿಗೆ ಪಾದ್ರಿ ಸ್ನೋ ಕಡೆಗೆ ಬಂದಿದ್ದರು.

ಇದನ್ನೆಲ್ಲ ಎರಡು ಪುಟ ಬರೆದು ಆ ಮೇಷ್ಟ್ರಿಗೆ ಕಳಿಸಿದೆ. ಕಾರ್ಡಿನಲ್ಲಿ ಉತ್ತರ ಬಂತು. ಶಹಬ್ಬಾಸ್ ಇಲ್ಲ, ಏನಿಲ್ಲ, ಒಂದೇ ಸಾಲು: “ಹಾಗಾದರೆ ಕುಡಿದೂ ಏನೂ ಆಗದ ಆ 57 ಜನ?”

ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಉತ್ತರ ಬರೆಯೋದು ಬಾಕಿ ಇದೆ.