‘ನನಗಾಗಿ ಪ್ರಾರ್ಥಿಸಿ’ ಎಂದವರ ಮುಂದೆ

ಕ್ರೈಸ್ತ ಆಪ್ತಸಮಾಲೋಚನೆಯ ನಮ್ಮ ತರಬೇತಿಯಲ್ಲಿ ಪರೀಕ್ಷೆಗಿಂತ ಕಠಿಣವಾದದ್ದು ವರ್ಬೇಟಿಮ್ ಬರೆಯುವುದು. ಒಬ್ಬರ ಜೊತೆ ಮಾತುಕತೆ ಮುಗಿದ ಮೇಲೆ ಅವರು ಹೇಳಿದ್ದು, ನಾವು ಹೇಳಿದ್ದು, ನಡುವೆ ಇಬ್ಬರೂ ಸುಮ್ಮನಿದ್ದದ್ದು, ಆಗ ನಮ್ಮೊಳಗೆ ಎದ್ದ ಭಯ, ಆತುರ, ಕರುಣೆ ಎಲ್ಲವನ್ನೂ ನೆನಪಿನಿಂದ ಸಾಲುಸಾಲಾಗಿ ಬರೆದು ಮಾರ್ಗದರ್ಶಕರ ಮತ್ತು ಸಹಪಾಠಿಗಳ ಮುಂದಿಡಬೇಕು. ಬಂದವರ ಹೆಸರು, ಗುರುತು ಅದರಲ್ಲಿ ಇರುವಂತಿಲ್ಲ. ಈ ಬರಹದಲ್ಲೂ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಈ ಶಿಸ್ತಿನ ಹಿಂದೆ ಒಬ್ಬ ಪಾದ್ರಿಯ ನೋವಿದೆ. ಅಮೆರಿಕದ ಆಂಟನ್ ಬಾಯ್ಸನ್ 1920ರಲ್ಲಿ ತೀವ್ರ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿದ್ದರು. ಚೇತರಿಸಿಕೊಂಡ ಮೇಲೆ ಮ್ಯಾಸಚೂಸೆಟ್ಸ್‌ನ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲಿನ್, ಅಂದರೆ ರೋಗಿಗಳ ಆಧ್ಯಾತ್ಮಿಕ ಆರೈಕೆ ನೋಡಿಕೊಳ್ಳುವ ಪಾದ್ರಿ, ಆದರು. 1925ರ ಬೇಸಿಗೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದು, ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಗಳ ಬದುಕನ್ನೂ ಓದಿ ಎಂದರು. ಮುಂದಿನ ದಶಕದಲ್ಲಿ ರಸೆಲ್ ಡಿಕ್ಸ್ ಎಂಬ ಇನ್ನೊಬ್ಬ ಚಾಪ್ಲಿನ್ ವರ್ಬೇಟಿಮ್ ಪದ್ಧತಿಯನ್ನು ಬೆಳೆಸಿದರು. ತಾನೇ ಹಾಸಿಗೆಯ ಮೇಲೆ ಮಲಗಿ, ತನ್ನ ಮಾತನ್ನು ಯಾರಾದರೂ ಪೂರ್ತಿ ಕೇಳಿಯಾರೇ ಎಂದು ಕಾದ ಮನುಷ್ಯನಿಂದ ಈ ವಿದ್ಯೆ ಶುರುವಾಯಿತು ಎಂಬುದು ನನಗೆ ಬಹಳ ಮುಖ್ಯ.

ಒಂದು ದಿನ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಮಧ್ಯವಯಸ್ಸಿನವರು. ವರ್ಷಗಳಿಂದ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಮೊದಲು ನಾನು ಗೋಪ್ಯತೆಯ ನಿಯಮವನ್ನು ಹೇಳಿದೆ. ನೀವು ಹೇಳಿದ್ದು ಇಲ್ಲಿಂದ ಆಚೆ ಹೋಗುವುದಿಲ್ಲ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ನಾನಿನ್ನೂ ತರಬೇತಿಯಲ್ಲಿರುವುದರಿಂದ ಹೆಸರಿಲ್ಲದೆ ನನ್ನ ಮಾರ್ಗದರ್ಶಕರು ಮತ್ತು ಸಹಪಾಠಿಗಳೊಂದಿಗೆ ಚರ್ಚಿಸುತ್ತೇನೆ. ಅವರು ತಲೆಯಾಡಿಸಿದರು. ಆಮೇಲೆ ಹೇಳಿದ ಮೊದಲ ಮಾತು: “ನನ್ನ ವಿಶ್ವಾಸ ಸಡಿಲವಾಗಿದೆ. ನನಗಾಗಿ ಪ್ರಾರ್ಥಿಸಿ, ಸಾಕು.”

ನಂಬಿಕೆಯ ಪರಂಪರೆಯೊಳಗೆ ಕಲಿಯುವವರಿಗೆ ಎದುರಾಗುವ ಅತ್ಯಂತ ಸೂಕ್ಷ್ಮ ಕ್ಷಣ ಇದು. ಪ್ರಾರ್ಥಿಸುವುದು ನನಗೆ ಗೊತ್ತು, ಅದರಲ್ಲಿ ನನಗೆ ನಂಬಿಕೆಯೂ ಇದೆ. ಆದರೆ ಆಗಲೇ ಕಣ್ಣು ಮುಚ್ಚಿ ‘ಕರ್ತನೇ’ ಎಂದು ಆರಂಭಿಸಿದ್ದರೆ, ಅವರು ಹೇಳಬೇಕೆಂದು ಬಂದದ್ದು ಆಮೆನ್ ಎಂಬಲ್ಲಿಗೆ ನಿಂತುಬಿಡುತ್ತಿತ್ತು. ದುಃಖದಲ್ಲಿರುವವರ ಮಾತು ಕೇಳುವುದು ಕಷ್ಟವಾದಾಗ ನಾವು ಕ್ರೈಸ್ತರು ಪ್ರಾರ್ಥನೆಯ ಕಡೆಗೆ ಬೇಗ ತಿರುಗುತ್ತೇವೆ. ಅದು ನಮ್ಮ ಆತಂಕವನ್ನು ತಣಿಸುತ್ತದೆ, ಎದುರಿನವರದನ್ನಲ್ಲ.

“ಖಂಡಿತ ಪ್ರಾರ್ಥಿಸೋಣ. ಏನನ್ನು ದೇವರ ಮುಂದೆ ಇಡಬೇಕೆಂದು ಮೊದಲು ನನಗೆ ಹೇಳುತ್ತೀರಾ?” ಎಂದು ಕೇಳಿದೆ.

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ನಾನೂ ಸುಮ್ಮನೆ ಕುಳಿತೆ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರ ಸೇವೆ ಕೆಟ್ಟದ್ದು ಬಾಯಿ ತೆರೆದ ಮೇಲೆ. ಇದನ್ನು ನಮ್ಮ ಮಾರ್ಗದರ್ಶಕರು ಪದೇಪದೇ ನೆನಪಿಸುತ್ತಾರೆ.

ನಿಧಾನವಾಗಿ ವಿಷಯ ಹೊರಬಂತು. ಖಿನ್ನತೆಗೆ ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಅವರು ತಿಂಗಳುಗಟ್ಟಲೆ ತೆಗೆದುಕೊಂಡಿದ್ದರು, ನಿದ್ದೆಯೂ ಹಸಿವೂ ಮರಳಿದ್ದವು. ಆಗ ಪ್ರಾರ್ಥನಾ ಕೂಟದಲ್ಲಿ ಯಾರೋ, ಮಾತ್ರೆ ನುಂಗುವುದೆಂದರೆ ದೇವರ ಮೇಲೆ ಅಪನಂಬಿಕೆ ಎಂದಿದ್ದರು. ಇವರು ಒಂದೇ ದಿನದಲ್ಲಿ ಎಲ್ಲ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ವಿಚಿತ್ರ ಕನಸುಗಳು, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ. ಅದನ್ನು ಸೈತಾನನ ದಾಳಿ ಎಂದು ಅದೇ ಕೂಟದವರು ವಿವರಿಸಿದ್ದರು.

ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಇಂಥ ಲಕ್ಷಣಗಳು ಬರಬಹುದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಮಾತ್ರೆ ಮತ್ತೆ ಶುರುಮಾಡಿ ಎನ್ನುವ ಅಧಿಕಾರ ಆಪ್ತಸಮಾಲೋಚಕರಿಗಿಲ್ಲ; ಬಿಟ್ಟುಬಿಡಿ ಎನ್ನುವ ಅಧಿಕಾರ ಪ್ರಾರ್ಥನಾ ಕೂಟಕ್ಕೂ ಇಲ್ಲ. ಅವರಿಗೆ ಹೇಳಿದ್ದು ಇಷ್ಟೇ: ಇದಕ್ಕೆ ದೇಹದ ಕಾರಣವೂ ಇರಬಹುದು, ಇಂದೇ ನಿಮ್ಮ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ದೇವರು ಕೈಬಿಟ್ಟಿದ್ದಾನೆಂದು ಹೆದರಿ ನಡುಗುತ್ತಿದ್ದ ಮನುಷ್ಯನ ಭುಜಗಳು ಆ ಮಾತಿಗೆ ಸ್ವಲ್ಪ ಇಳಿದವು. ಒಳಗೆ ನನಗೆ ಕೋಪ ಬಂದಿತ್ತು, ಈಗಲೂ ಇದೆ. ಆ ಕೂಟದವರು ಕೆಟ್ಟವರೇನಲ್ಲ, ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಪ್ರೀತಿಯಿಂದ ಹೇಳಿದ ಮಾತೂ ಒಬ್ಬರನ್ನು ಅಂಚಿಗೆ ತಳ್ಳಬಲ್ಲದು.

“ಸಾಯಬೇಕು ಎಂಬ ಯೋಚನೆ ಬರುತ್ತದೆಯೇ?” ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಕ್ರೈಸ್ತ ಸಭೆಗಳಲ್ಲೂ ಮನೆಗಳಲ್ಲೂ ಇದೆ. ಸಂಶೋಧನೆಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿದಾಗ ಎಷ್ಟೋ ಜನರಿಗೆ ಹಗುರಾಗುತ್ತದೆ. ಬೆಳಿಗ್ಗೆ ಎಚ್ಚರವಾಗದಿದ್ದರೆ ಸಾಕು ಎನಿಸುತ್ತದೆ, ಆದರೆ ತಾನಾಗಿ ಏನೂ ಮಾಡಿಕೊಳ್ಳುವ ಯೋಜನೆ ಇಲ್ಲ ಎಂದರು. ರಾತ್ರಿ ಆ ಯೋಚನೆ ಹೆಚ್ಚಾದರೆ ಯಾರಿಗೆ ಫೋನ್ ಮಾಡುತ್ತೀರಿ, ಮನೆಯಲ್ಲಿ ಯಾರಿಗೆ ಗೊತ್ತಿರಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಇಬ್ಬರೂ ಕೂಡಿ ಕಾಗದದ ಮೇಲೆ ಬರೆದೆವು.

ಆಮೇಲೆ ಅವರೇ ಬೈಬಲಿನ ಪ್ರವಾದಿ ಎಲೀಯನ ಹೆಸರು ಎತ್ತಿದರು. “ಕರ್ಮೆಲ್ ಬೆಟ್ಟದ ಮೇಲೆ ನಿಂತವನ ವಿಶ್ವಾಸದಲ್ಲಿ ಸ್ವಲ್ಪವಾದರೂ ನನಗಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಮಕ್ಕಳಿಗೆ ಅದೇ ಪಾಠ ಎಷ್ಟು ಸಲ ಹೇಳಿದ್ದೇನೆ.”

“ಬೆಟ್ಟದಿಂದ ಇಳಿದ ಮೇಲೆ ಎಲೀಯನಿಗೆ ಏನಾಯಿತು?” ಎಂದೆ.

ಅವರು ನನ್ನನ್ನೇ ನೋಡಿದರು. ಅರಸುಗಳ ಮೊದಲ ಗ್ರಂಥದ 18ನೇ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಎಲೀಯನ ಪ್ರಾರ್ಥನೆಗೆ ದೇವರ ಬೆಂಕಿ ಇಳಿಯುತ್ತದೆ. 19ರಲ್ಲಿ ಅದೇ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿ ಮಲಗಿಬಿಡುತ್ತಾನೆ. ದೇವದೂತ ಬೈಯುವುದಿಲ್ಲ, ವಿಶ್ವಾಸವೆಲ್ಲಿ ಎಂದು ಕೇಳುವುದಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ, ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ಈ ಕಥೆಯನ್ನು ಅವರೇ ನನಗೆ ಹೇಳಿದರು, ಪಾಠ ಹೇಳುವ ದನಿಯಲ್ಲೇ. ಅರ್ಧಕ್ಕೆ ಬರುವಾಗ ಗಂಟಲು ಕಟ್ಟಿತು. ಮಕ್ಕಳಿಗೆ ಈ ಭಾಗ ಹೇಳಿಯೇ ಇಲ್ಲ ಎಂದರು.

ಕೊನೆಯಲ್ಲಿ ಪ್ರಾರ್ಥಿಸಿದವರು ಅವರೇ. ಅದರಲ್ಲಿ ಸ್ತುತಿ ಇರಲಿಲ್ಲ, ದೂರು ಇತ್ತು. ಬೈಬಲಿನ 88ನೇ ಕೀರ್ತನೆಯೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ಕಿತ್ತು ಹಾಕಿಲ್ಲ. ಹೊರಡುವ ಮುನ್ನ ಮನೋವೈದ್ಯರೊಂದಿಗೆ ನಾನು ಮಾತಾಡಲು ಒಪ್ಪಿ ಸಹಿ ಹಾಕಿದರು. ಸಭಾಪಾಲಕರಿಗೆ, ಅಂದರೆ ತಮ್ಮ ಚರ್ಚಿನ ಪಾದ್ರಿಗೆ, ಹೇಳಬೇಕೇ ಎಂದು ಕೇಳಿದಾಗ, ಅದು ನಿಮ್ಮ ತೀರ್ಮಾನ ಎಂದೆ. “ಹೇಳುತ್ತೇನೆ, ಆದರೆ ಈಗಲೇ ಬೇಡ” ಎಂದರು.

ವರ್ಬೇಟಿಮ್ ತರಗತಿಯಲ್ಲಿ ಓದಿದಾಗ ಒಬ್ಬ ಸಹಪಾಠಿ ಬಲವಾಗಿ ಆಕ್ಷೇಪಿಸಿದರು. ಎಲೀಯನ ಕುರಿತು ಕೇಳಿದ ಪ್ರಶ್ನೆಗೆ ನನಗೆ ಮೊದಲೇ ಉತ್ತರ ಗೊತ್ತಿತ್ತು. ಹಾಗಾದರೆ ಅದು ಪ್ರಶ್ನೆಯ ವೇಷದ ಉಪದೇಶವಲ್ಲವೇ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಎರಡು ವರ್ಷ ಸೆಮಿನರಿಯಲ್ಲಿ (ದೇವಶಾಸ್ತ್ರದ ಕಾಲೇಜಿನಲ್ಲಿ) ಓದಿ ಅದನ್ನು ಬಿಟ್ಟು ಮನಶ್ಶಾಸ್ತ್ರಕ್ಕೆ ಹೋದವರು. ದಾರಿ ತೋರಿಸುವ ಹಟ ಬಿಟ್ಟು ಎದುರಿನವರ ಜೊತೆ ನಡೆಯಿರಿ ಎಂದವರು. ಆ ಮಾತನ್ನು ನಾನು ಮೀರಿದ್ದೇನೆ ಎಂಬುದು ಸಹಪಾಠಿಯ ವಾದ. ನಾನು ಒಪ್ಪಲಿಲ್ಲ. ಎಲೀಯನನ್ನು ಕೋಣೆಯೊಳಗೆ ಕರೆತಂದವರು ಬಂದವರೇ ಹೊರತು ನಾನಲ್ಲ. ಅವರ ಕೈಯಲ್ಲಿದ್ದ ಕಥೆ ಅರ್ಧಕ್ಕೆ ನಿಂತು ಅವರನ್ನೇ ಚುಚ್ಚುತ್ತಿತ್ತು. ಅವರದೇ ನಂಬಿಕೆಯಲ್ಲಿ ಅವರಿಗಾಗಿ ಇದ್ದ ಜಾಗವನ್ನು ಅವರೇ ಹುಡುಕಿಕೊಂಡರು.

ಮಾರ್ಗದರ್ಶಕರು ತೀರ್ಪು ಕೊಡಲಿಲ್ಲ. ಬದಲಿಗೆ ನಮ್ಮಿಬ್ಬರನ್ನೂ ಕೇಳಿದರು: “ಕೊನೆಯಲ್ಲೂ ಅವರು ನೀವೇ ಪ್ರಾರ್ಥಿಸಿ ಎಂದಿದ್ದರೆ?” ಸಹಪಾಠಿ, ಮಾಡುತ್ತಿರಲಿಲ್ಲ, ಸಭಾಪಾಲಕರ ಬಳಿಗೆ ಕಳಿಸುತ್ತಿದ್ದೆ ಎಂದರು. ನಾನು, ಮಾಡುತ್ತಿದ್ದೆ ಎಂದೆ. ಅವರು ಆಡಿದ ಮಾತುಗಳಲ್ಲೇ, ಚಿಕ್ಕದಾಗಿ, ವಾಸಿಯಾಗುತ್ತದೆಂಬ ಭರವಸೆಯನ್ನು ದೇವರ ಪರವಾಗಿ ಕೊಡದೆ. ಆ ಚರ್ಚೆ ನಮ್ಮಿಬ್ಬರ ನಡುವೆ ಇನ್ನೂ ನಡೆಯುತ್ತಿದೆ.