ನಮ್ಮ ಹಿಂದೆ ಯಾರಿದ್ದಾರೆ ಅಂತ ಕೇಳುವವರಿಗೆ

ಹಟ್ಟಿ. ಹಟ್ಟಿಯಾಚೆ ಬಾವಿ, ಬಾವಿಯಾಚೆ ಮಾವನ ಅಡಿಕೆ ತೋಟ. ನಮ್ಮ ಹಿಂದೆ ಇರುವುದು ಇಷ್ಟೇ. ಹಟ್ಟಿಯಲ್ಲಿ ಈಗ ದನವೂ ಇಲ್ಲ, ಹಳೆಯ ಸ್ಕೂಟರೊಂದು ಮತ್ತು ತೆಂಗಿನ ಸಿಪ್ಪೆಯ ರಾಶಿ ಇದೆ. ನಂಬಿಕೆ ಬಾರದವರು ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ಬಸ್ಸಿಳಿದು ‘ಹಾಡಿನ ಆಫೀಸು’ ಎಲ್ಲಿ ಅಂತ ಕೇಳಿಕೊಂಡು ಬಂದು ನೋಡಬಹುದು.

ಆರು ವರ್ಷದಿಂದ ಬಾಯಲ್ಲಿ ಉತ್ತರ ಕೊಟ್ಟು ಸಾಕಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ. ನಾವು ಮೂವರು ಸೇರಿ ಒಂದು ಸಣ್ಣ ಮ್ಯೂಸಿಕ್ ಪಬ್ಲಿಷಿಂಗ್ ಕಂಪೆನಿ ನಡೆಸುತ್ತೇವೆ. ಯಾವ ದೊಡ್ಡ ಕಂಪೆನಿಯ ಬಾಲವೂ ಅಲ್ಲ. ಇಷ್ಟು ಹೇಳಿದ ಕೂಡಲೇ ಎದುರಿನವರ ಬಾಯಿಂದ ಬರುವುದು ಒಂದೇ ಮಾತು: “ಅಲ್ಲ, ಇದರ ಹಿಂದೆ ಯಾರಿದ್ದಾರೆ?”

ಯಾರು ನಡೆಸುವುದು ಅಂತ ಕೇಳಿದರೆ ನನಗೆ ಬೇಸರವಿಲ್ಲ. ‘ಹಿಂದೆ’ ಅಂತ ಕೇಳುತ್ತಾರಲ್ಲ, ಅಲ್ಲಿ ಮಂಡೆ ಬೆಚ್ಚ ಆಗುವುದು. ಎದುರು ಕೂತು ಮಾತಾಡುತ್ತಿರುವ ನಾನು ಬರೀ ಬೆದರುಬೊಂಬೆ, ನಿಜವಾದ ಆಸಾಮಿ ಬೇರೆಲ್ಲೋ ಇದ್ದಾನೆ ಎಂಬ ಖಾತ್ರಿ ಆ ಒಂದು ಶಬ್ದದಲ್ಲಿ ಕೂತಿರುತ್ತದೆ. ಅದು ಊರಿಂದ ಊರಿಗೆ ವೇಷ ಬದಲಿಸುವುದೂ ಉಂಟು. ಮಂಗಳೂರಿನಲ್ಲಿ “ಗಲ್ಫಿನ ದುಡ್ಡಾ?” ಕಾಸರಗೋಡು ಪೇಟೆಯಲ್ಲಿ ಮಲಯಾಳಿ ಗೆಳೆಯರು “ಕರ್ನಾಟಕ ಸರಕಾರದ ಫಂಡ್ ಅಲ್ವಾ?” ಬದಿಯಡ್ಕದ ನಮ್ಮವರೇ ದನಿ ತಗ್ಗಿಸಿ “ಕೇರಳದವರು ಸುಮ್ಮನೆ ಬಿಟ್ಟರಾ?” ಬೆಂಗಳೂರಿನವರ ಗಾಡಿ ಇನ್ನೂ ನಾಲ್ಕು ಸ್ಟೇಷನ್ ಹಿಂದೆಯೇ ನಿಂತಿರುತ್ತದೆ: “ಕಾಸರಗೋಡಲ್ಲಿ ಕನ್ನಡ ಇದೆಯಾ?” 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ನೆಲದಲ್ಲಿ ಹುಟ್ಟಿದವರಿಗೆ ಇಂಥದ್ದೆಲ್ಲ ರೂಢಿ. ರೂಢಿಯಾದರೂ ಸಿಟ್ಟು ಬರುತ್ತದೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪಬ್ಲಿಷಿಂಗ್ ಅಂದ ಕೂಡಲೇ ಪ್ರೆಸ್ಸು ಅಂದುಕೊಂಡು “ನೂರೈವತ್ತು ಮದುವೆ ಕಾಗದಕ್ಕೆ ಎಷ್ಟಾಗ್ತದೆ?” ಅಂತ ಕೇಳಿಕೊಂಡು ಬಂದವರು ಈವರೆಗೆ ನಾಲ್ವರು. ನಾವು ಕಾಗದ ಮುದ್ರಿಸುವುದಿಲ್ಲ, ಕ್ಯಾಸೆಟ್ ಮಾಡಲಿಲ್ಲ, ಸ್ಟುಡಿಯೋ ಇಲ್ಲ. ಒಂದು ಹಾಡಿನೊಳಗೆ ಮೂರು ಆಸ್ತಿ ಇರುತ್ತದೆ: ಬರೆದ ಸಾಹಿತ್ಯ, ಕಟ್ಟಿದ ಧಾಟಿ, ಮತ್ತು ಮೈಕಿನ ಎದುರು ಹಾಡಿ ಆದ ಧ್ವನಿಮುದ್ರಣ. ಮೂರನೆಯದು ಸಾಮಾನ್ಯವಾಗಿ ರೆಕಾರ್ಡ್ ಮಾಡಿಸಿದವರದ್ದು. ಮೊದಲ ಎರಡರ ಲೆಕ್ಕ ನೋಡಿಕೊಳ್ಳುವುದು ಪಬ್ಲಿಷರ್ ಕೆಲಸ. ಯಾರು ಬರೆದರು, ಯಾರು ಧಾಟಿ ಹಾಕಿದರು, ಯಾರಿಗೆ ಎಷ್ಟು ಪಾಲು ಅಂತ ಪಾಲುಪಟ್ಟಿ ಮಾಡುವುದು, 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಹಕ್ಕುಸ್ವಾಮ್ಯ ಸೊಸೈಟಿಯಲ್ಲಿ ಆ ಹಾಡನ್ನು ದಾಖಲಿಸುವುದು, ಸಿನಿಮಾದವರೋ ಜಾಹೀರಾತಿನವರೋ ಬಳಸಿದರೆ ಅನುಮತಿಯ ಪತ್ರ ಬರೆಯುವುದು, ಬಂದ ದುಡ್ಡು ಸರಿಯಾದ ಮನೆಗೆ ಹೋಗುವಂತೆ ನೋಡುವುದು. ಅಣ್ಣತಮ್ಮಂದಿರ ಜಾಗ ಪಾಲು ಮಾಡುವಾಗ ಮೂಲೆಯಲ್ಲಿ ಕೂತು ಬರೆಯುವವನೊಬ್ಬ ಇರುತ್ತಾನಲ್ಲ, ಅವನೇ ನಾವು.

ಈಗ ಮದುವೆಯ ಕತೆ. ಹೋದ ವರ್ಷ ಕುಂಬಳೆಯ ಹತ್ತಿರದ ಹಾಲ್, ಎರಡನೇ ಪಂಕ್ತಿ. ಎಲೆಗೆ ಹೋಳಿಗೆ ಬಿದ್ದು ಕಾಯಿಹಾಲು ಬರುವುದರೊಳಗೆ ಪಕ್ಕದಲ್ಲಿ ಕೂತ ಭಾವ ಶುರು ಮಾಡಿದರು. ಭಾವ ಅಂದರೆ ದೂರದ ಸಂಬಂಧ, ನಮ್ಮಲ್ಲಿ ಸರೀ ಸಂಬಂಧ ಗೊತ್ತಿಲ್ಲದವರೆಲ್ಲ ಭಾವಂದಿರೇ.

“ಅಲ್ಲ ಭಾವ, ಇನ್ನು ಮದುವೆಯಲ್ಲಿ ಶೋಭಾನೆ ಹೇಳಿದರೆ ನಿಮಗೆ ದುಡ್ಡು ಕೊಡಬೇಕಂತೆ, ಹೌದಾ?”

ಬೇಡ ಅಂದೆ. ಧಾರ್ಮಿಕ ವಿಧಿಯಲ್ಲಿ ಹಾಡಿದರೆ, ನುಡಿಸಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ, ಅದರಲ್ಲಿ ಮದುವೆಯ ದಿಬ್ಬಣವೂ ಸೇರಿತು ಅಂತ 1957ರ ಕಾಯಿದೆಯಲ್ಲೇ ಬರೆದಿದೆ, 52ನೇ ಸೆಕ್ಷನ್.

ಭಾವನಿಗೆ ನಿರಾಸೆಯಾದದ್ದು ಮುಖದಲ್ಲೇ ಕಂಡಿತು. “ಯಕ್ಷಗಾನಕ್ಕೂ ಹಕ್ಕು ಅಂತ ಹೊರಟಿದ್ದೀರಂತೆ? ಪಾರ್ತಿಸುಬ್ಬ ಏನು ನಿಮ್ಮ ಅಜ್ಜನಾ?”

ಪಾರ್ತಿಸುಬ್ಬ ಕುಂಬಳೆಯ ಹಳೇ ಕಾಲದ ಕವಿ, ಅವನ ಪ್ರಸಂಗಗಳು ಎಲ್ಲರದ್ದು, ಯಾರು ಬೇಕಾದರೂ ಹಾಡಬಹುದು ಅಂದೆ. ಆದರೆ ಈಗ ಬದುಕಿರುವ ಕವಿ ಬರೆದ ಪ್ರಸಂಗ ಅವರದ್ದೇ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕು ವೀಲುನಾಮೆಯ ಪ್ರಕಾರ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದದ್ದನ್ನೂ ಹೇಳಿದೆ. ಅಷ್ಟರಲ್ಲಿ ನನ್ನ ಎಲೆಗೆ ಕಾಯಿಹಾಲು ಹಾಕದೆ ಬಡಿಸುವವನು ಮುಂದೆ ಹೋಗಿಯಾಗಿತ್ತು.

ಭಾವ ಒಣ ಹೋಳಿಗೆ ಅಗಿಯುತ್ತಿದ್ದ ನನ್ನನ್ನು ಕನಿಕರದಿಂದ ನೋಡಿ, “ಅದೆಲ್ಲ ಸರಿ. ಹಿಂದೆ ದೊಡ್ಡ ಕೈ ಯಾರದ್ದೋ ಉಂಟಲ್ಲ, ಅದು ಹೇಳಿ” ಅಂದರು.

ಆ ದಿನ ಹೇಳದೆ ಎದ್ದು ಬಂದೆ. ಇವತ್ತು ಹೇಳುತ್ತೇನೆ ಭಾವ, ಓದಿಕೊಳ್ಳಿ.

ಒಂದನೆಯವನು ನಾನು. ಅಡಿಕೆ ಮಂಡಿಯಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆದೆ. ಸಂಗೀತ ಬರುವುದಿಲ್ಲ. ಶ್ರುತಿಪೆಟ್ಟಿಗೆಯ ಗಾಳಿ ಹೋಗುವ ತೂತು ಎಲ್ಲಿ ಅಂತಲೂ ಗೊತ್ತಿಲ್ಲ. ನೂರಕ್ಕೆ ಹನ್ನೆರಡೂವರೆಯನ್ನು ನಾಲ್ಕು ಜನ ವಾರಸುದಾರರಿಗೆ ಹಂಚುವುದು ಗೊತ್ತು.

ಎರಡನೆಯವರು ಚಿಕ್ಕಮ್ಮ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಕಂಪೆನಿಗೆ ಬಂಡವಾಳ ಅಂತ ಒಂದಿದ್ದರೆ ಅದು ಅವರೇ. ಯಾವ ಕೋಳಿಕಾಲಿನ ಅಕ್ಷರವನ್ನೂ ಓದುತ್ತಾರೆ. ಹಳೆಯ ಹಾಡಿನ ಪುಸ್ತಕದಲ್ಲಿ ಬರೀ ಮನೆಹೆಸರು ಇದ್ದರೆ ಸಾಕು, ಆ ಮನೆಯವರು ಈಗ ಎಲ್ಲಿದ್ದಾರೆ, ಮಗಳನ್ನು ಪುತ್ತೂರಿಗೆ ಕೊಟ್ಟದ್ದಾ ವಿಟ್ಲಕ್ಕೆ ಕೊಟ್ಟದ್ದಾ ಅಂತ ಅರ್ಧ ಗಂಟೆಯಲ್ಲಿ ಪತ್ತೆ ಮಾಡುತ್ತಾರೆ. ಸತ್ತುಹೋದ ಕವಿಯ ವಾರಸುದಾರರನ್ನು ಹುಡುಕುವುದು ಈ ಕೆಲಸದ ಅರ್ಧ ಭಾಗ. ಅವರ ಮೇಜಿನ ಮೇಲಿನ ಗೋಡೆಯಲ್ಲಿ, ಕ್ಯಾಲೆಂಡರು ತಿರುಗಿಸಿ ಹಾಕಿ, ಕವಿಗಳು ತೀರಿಕೊಂಡ ವರ್ಷ ಬರೆದಿದ್ದಾರೆ. ಬಂದವರು ತಿಥಿಯ ಪಟ್ಟಿ ಅಂದುಕೊಳ್ಳುತ್ತಾರೆ. ಬರೆದವರು ತೀರಿದ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅದರ ಲೆಕ್ಕ ಅದು. (ತೀರಿದ ಮೇಲೆ ಮೊದಲ ಸಲ ಅಚ್ಚಾದವುಗಳ ಲೆಕ್ಕ ಬೇರೆ.) ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಅವರ ಬದುಕಿನಲ್ಲಿ ಪ್ರಕಟವಾದ ಕವಿತೆಗಳಿಗೆ 2024ರ ಜನವರಿ 1ರಿಂದ ಯಾರು ಬೇಕಾದರೂ ರಾಗ ಹಾಕಬಹುದು. ಕಯ್ಯಾರ ಕಿಂಞಣ್ಣ ರೈಗಳು ನೂರು ತುಂಬಿಸಿ ಹೋದದ್ದು 2015ರಲ್ಲಿ, ಅವರದ್ದಕ್ಕೆ 2075 ಮುಗಿಯುವವರೆಗೆ ಮನೆಯವರನ್ನು ಕೇಳಲೇಬೇಕು. ಮಂಜೇಶ್ವರದಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು? ಕಾಯಿದೆಯ ಬಸ್ಸಿನಲ್ಲಿ 52 ವರ್ಷ. ರಾಜ್ಯೋತ್ಸವದ ಮುನ್ನಾ ದಿನ ಫೋನ್ ಮಾಡಿ “ಯಾವುದಾದರೂ ಒಂದು ಹಾಕ್ತೇವೆ, ಎಂತ ಆಗ್ತದೆ?” ಅನ್ನುವವರಿಗೆ ಚಿಕ್ಕಮ್ಮ ಈ ಕ್ಯಾಲೆಂಡರು ಓದಿ ಹೇಳುತ್ತಾರೆ, ನಿಧಾನವಾಗಿ, ಮನಿಆರ್ಡರ್ ಫಾರ್ಮು ಓದಿದ ಹಾಗೆ.

ಮೂರನೆಯವನು ಮೊಗ್ರಾಲಿನ ಗೆಳೆಯ. ಮೊಗ್ರಾಲಿಗೆ ‘ಇಶಲ್ ಗ್ರಾಮ’ ಅಂತ ಹೆಸರು, ಮಾಪಿಳ್ಳೆ ಪಾಟಿನ, ಅಂದರೆ ಮಲಬಾರಿನ ಮುಸ್ಲಿಮರ ಹಾಡಿನ, ಕವಿಗಳು ಇದ್ದ ಊರು. ಇಶಲ್ ಅಂದರೆ ಧಾಟಿ. ಇವನ ಅಜ್ಜನೂ ಬರೆಯುತ್ತಿದ್ದರು, ಅರಬಿ ಮಲಯಾಳಂ ಲಿಪಿಯಲ್ಲಿ, ಅಂದರೆ ಅರಬಿ ಅಕ್ಷರದಲ್ಲಿ ಮಲಯಾಳಂ. ಆ ನೋಟುಪುಸ್ತಕ ಓದಬಲ್ಲವನು ಮನೆಯಲ್ಲಿ ಇವನೊಬ್ಬನೇ ಉಳಿದದ್ದು. ಕಂಪ್ಯೂಟರಿನ ಕೆಲಸವೆಲ್ಲ ಇವನದ್ದು. ಮಾಪಿಳ್ಳೆ ಪಾಟಿನಲ್ಲಿ ಕವಿ ಮೊದಲೇ ಇರುವ ಇಶಲಿಗೆ ಪದ ಕಟ್ಟುತ್ತಾನೆ. ಹಾಗಾದರೆ ಫಾರ್ಮಿನಲ್ಲಿ ‘ಸಂಗೀತ ಸಂಯೋಜಕ’ ಎಂಬ ಜಾಗಕ್ಕೆ ಯಾರ ಹೆಸರು? ಇಬ್ಬರೂ ಇದರ ಮೇಲೆ ಎರಡು ಮಳೆಗಾಲ ಜಗಳ ಮಾಡಿದ್ದೇವೆ. ದಾಸರ ಪದದ್ದು ಇದರ ತಿರುಗುಮುರುಗು: ಪದ ಎಲ್ಲರದ್ದು, ಆದರೆ ಯಾರಾದರೂ ಹೊಸದಾಗಿ ಹಾಕಿದ ಧಾಟಿ ಅವರದ್ದು. ‘ಹಿಂದೆ ಯಾರಿದ್ದಾರೆ’ ಅಂತ ಈ ಗೆಳೆಯನನ್ನು ಕೇಳುವಾಗ ಜನರ ದನಿ ಸ್ವಲ್ಪ ಬೇರೆ ಇರುತ್ತದೆ. ಅದನ್ನು ವಿವರಿಸುವುದಿಲ್ಲ, ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ದುಡ್ಡು? ನಾವು ತಲಾ ಒಂದು ಲಕ್ಷ ಹಾಕಿದ್ದು, ಚಿಕ್ಕಮ್ಮನದ್ದು ಪೆನ್ಷನ್. ನಮ್ಮ ಪಾಲು ನೂರಕ್ಕೆ 20. ಅರ್ಧದವರೆಗೆ ಇಟ್ಟುಕೊಳ್ಳಲು ದಾರಿ ಉಂಟು. ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲ, ಯಾಕೆಂದರೆ 2012ರ ತಿದ್ದುಪಡಿಯ ನಂತರ ಬರೆದವರ, ಧಾಟಿ ಹಾಕಿದವರ ರಾಯಲ್ಟಿಯ ಪಾಲನ್ನು ಕಂಪೆನಿಗಳು ಸಹಿ ಹಾಕಿಸಿಕೊಂಡು ನುಂಗುವ ಹಾಗಿಲ್ಲ. ಆಯಿತಲ್ಲ? ದೊಡ್ಡ ಕೈ ಇಷ್ಟೇ ದೊಡ್ಡದು.

ಇನ್ನು, ಯಾರೂ ಕೇಳದ ಒಂದು ವಿಷಯ ಹೇಳಬೇಕು. ಕಂಪೆನಿಯ ಹಿಂದೆ ಯಾರು ಅಂತ ಇಷ್ಟು ಜನ ಕೇಳಿದರು, ಹಾಡಿನ ಹಿಂದೆ ಯಾರು ಅಂತ ಒಬ್ಬ ಕೇಳಲಿಲ್ಲ. ಕೇಳಿದ್ದರೆ ನಾನು ಕಾಯಿಹಾಲು ಬಿಟ್ಟು ಉತ್ತರ ಹೇಳುತ್ತಿದ್ದೆ.

ನಮ್ಮ ಕಡೆಯ ಭಜನಾ ಮಂದಿರಗಳಲ್ಲಿ ಮೂವತ್ತು ವರ್ಷದಿಂದ ಹಾಡುವ ಒಂದು ಶಿವನ ಹಾಡುಂಟು. ಕ್ಯಾಸೆಟ್ಟಿನ ಚೀಟಿಯಲ್ಲಿ ‘ಸಾಂಪ್ರದಾಯಿಕ’ ಅಂತ ಇತ್ತು, ಈಗ ಯೂಟ್ಯೂಬಿನಲ್ಲೂ ಹಾಗೆಯೇ. ಬರೆದವರು ನಮ್ಮಲ್ಲಿಂದ ಮೂರು ಕಿಲೋಮೀಟರಿನಾಚೆ ಗುಡ್ಡದ ಬುಡದ ಮನೆಯಲ್ಲಿ ಇದ್ದಾರೆ. ವಯಸ್ಸು ಎಪ್ಪತ್ತನಾಲ್ಕು. ಚಿಕ್ಕಮ್ಮನಿಗೆ ಅದು ತಿಳಿದದ್ದು ಹಪ್ಪಳ ಒತ್ತಲು ಹೋಗಿದ್ದಾಗ. ಹಲಸಿನ ಹಪ್ಪಳದ ಹಿಟ್ಟು ಉಂಡೆ ಮಾಡುತ್ತಾ ಆ ಅಕ್ಕ ಅದೇ ಹಾಡು ಗುನುಗಿದರಂತೆ, ಕ್ಯಾಸೆಟ್ಟಿನಲ್ಲಿ ಇಲ್ಲದ ನಾಲ್ಕನೆಯ ನುಡಿಯ ಸಮೇತ.

ಮರುದಿನ ನಾನೂ ಹೋದೆ. ಅಕ್ಕಿಯ ಡಬ್ಬದ ಹಿಂದಿನಿಂದ ಹಾಲಿನ ಸೊಸೈಟಿಯ ಹಳೆಯ ಲೆಕ್ಕದ ಪುಸ್ತಕ ತೆಗೆದರು. ಎಡಬದಿಯಲ್ಲಿ ಬೆಳಗ್ಗೆ ಇಷ್ಟು ಕುಡ್ತೆ, ಸಂಜೆ ಇಷ್ಟು ಕುಡ್ತೆ. ಬಲಬದಿಯಲ್ಲಿ ಹಾಡು, ಪೆನ್ಸಿಲಿನಲ್ಲಿ. ಧಾಟಿಯೂ ಅವರದ್ದೇ. ಕ್ಯಾಸೆಟ್ಟಿನವರು ಬಂದು ಬರೆದುಕೊಂಡು ಹೋಗಿ, ಆಮೇಲೆ ನೂರೈವತ್ತು ರೂಪಾಯಿ ಮತ್ತು ಒಂದು ಕ್ಯಾಸೆಟ್ಟು ಕಳಿಸಿದ್ದರಂತೆ. ಯಾವ ಕಾಗದಕ್ಕಾದರೂ ಸಹಿ ಹಾಕಿದ್ದೀರಾ ಅಂತ ಕೇಳಿದೆ. “ಇಲ್ಲಪ್ಪ, ಚಾ ಕುಡಿದು ಹೋದರು.” ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಬರಹದಲ್ಲಿ, ಸಹಿಯೊಂದಿಗೆ ಆಗದೆ ಹಕ್ಕು ಕೈ ಬದಲಿಸುವುದಿಲ್ಲ. ಅಕ್ಕನ ಹಾಡು ಅಕ್ಕಿಯ ಡಬ್ಬ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ದಾಖಲಿಸಲು ಏಳು ತಿಂಗಳು ಹಿಡಿಯಿತು. ರೇಷನ್ ಕಾರ್ಡಿನಲ್ಲಿ ಮಲಯಾಳಂನಲ್ಲಿ ಒಂದು ಹೆಸರು, ಪಾನ್ ಕಾರ್ಡಿನ ಇಂಗ್ಲಿಷಿನಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಮುಂದೆ ಬಂದು ಮತ್ತೊಂದು. ಅಕ್ಕ ತಾನೇ ಬರೆಯುವ ಕನ್ನಡದ ಹೆಸರು ಯಾವುದರಲ್ಲೂ ಇಲ್ಲ. ಗಡಿಯಲ್ಲಿ ಬದುಕುವುದು ಅಂದರೆ ಏನು ಅಂತ ಭಾಷಣ ಮಾಡುವವರಿಗೆ ಈ ಮೂರು ಕಾರ್ಡು ಸಾಲಾಗಿ ಇಟ್ಟು ತೋರಿಸಬೇಕು.

ಮೊದಲ ಸಲ ಎಲ್ಲ ಕಡೆಯಿಂದ ಸೇರಿ ಬಂದದ್ದು 1,480 ರೂಪಾಯಿ. ಅಕ್ಕನಿಗೆ 1,184, ನಮಗೆ 296. (ದೊಡ್ಡ ಕೈ!) ನಾನು ಹೆಮ್ಮೆಯಿಂದ ಹೇಳಲು ಹೋದರೆ ಅಕ್ಕನಿಗೆ ದುಡ್ಡಿನ ಮೇಲೆ ಗಮನವೇ ಇಲ್ಲ.

“ಅದಿರಲಿ ಮಾಣಿ. ಆ ಎರಡನೇ ನುಡಿ ಸರಿ ಮಾಡ್ಲಿಕ್ಕೆ ಆಗ್ತದಾ?”

ನಾನು ಬರೆದದ್ದು ‘ತುಂಬೆಯ ಹೂವಿಟ್ಟೆ’ ಅಂತ ಅಂದರು. ಶಿವನಿಗೆ ತುಂಬೆ ಹೂ ಅಲ್ಲವಾ. ಕ್ಯಾಸೆಟ್ಟಿನಲ್ಲಿ ಹಾಡಿದವರು ‘ತುಂಬಿದ ಹೂವಿಟ್ಟೆ’ ಅಂದರು, ಊರಿಗೆ ಊರೇ ಹಾಗೆ ಹಾಡಿತು. ಇಷ್ಟು ವರ್ಷ ಯಾಕೆ ಇದು ನನ್ನದು ಅಂತ ಹೇಳಲಿಲ್ಲ ಅಂದರೆ, “ತುಂಬಿದ ಹೂವು ಅಂದರೆ ಎಂತದು? ಅರ್ಥ ಉಂಟಾ ಅದಕ್ಕೆ? ಅಂಥದ್ದನ್ನು ನಾನು ಬರೆದದ್ದು ಅಂತ ಯಾವ ಬಾಯಲ್ಲಿ ಹೇಳುವುದು?”

ದಾಖಲೆಯಲ್ಲಿ ಈಗ ‘ತುಂಬೆಯ’ ಅಂತ ಇದೆ, ರಚನೆ ಎಂಬಲ್ಲಿ ಅವರ ಹೆಸರಿದೆ, ಪಾನ್ ಕಾರ್ಡಿನ ತಪ್ಪು ಕಾಗುಣಿತದಲ್ಲೇ. ಶನಿವಾರದ ಭಜನೆಗೆ ಹೋಗಿದ್ದೆ. ಎಲ್ಲರೂ ‘ತುಂಬಿದ’ ಅಂತಲೇ ಹಾಡಿದರು. ಎರಡನೇ ಸಾಲಿನಲ್ಲಿ ಕೂತಿದ್ದ ಅಕ್ಕ ಮಾತ್ರ ತಾಳದ ಮೇಲೆ ಒಂದು ಪೆಟ್ಟು ಜೋರಾಗಿ ಹಾಕಿ, ಹಾರ್ಮೋನಿಯಮ್ಮಿನವನು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ, ‘ತುಂಬೆಯ’ ಅಂದರು.